ಕೂಸುಗಳನ್ನು ಎಣಿಸಿ

ಹೋದ ವರ್ಷ ನಮ್ಮ ದಾವಣಗೆರೆಯ ಒಂದು ಗಿರಣಿಯಲ್ಲಿ ಕಾರ್ಮಿಕ ಸಂಘವು ಮಾಲೀಕರ ಮುಂದೆ 12 ಬೇಡಿಕೆಗಳ ಪಟ್ಟಿಯೊಂದನ್ನು ಇಟ್ಟಿತು. ಮೊದಲನೆಯದು ತುಟ್ಟಿಭತ್ಯ, ಎರಡನೆಯದು ಬೋನಸ್ಸು. ಹೀಗೆ ಇಳಿಯುತ್ತ ಬಂದು 11ನೆಯದು ಶಿಶುಗೃಹ. ಎಂದರೆ ದುಡಿಯಲು ಬರುವ ತಾಯಂದಿರ ಕೂಸುಗಳನ್ನು ನೋಡಿಕೊಳ್ಳಲು ಒಂದು ಕೋಣೆ, ಒಬ್ಬಳು ಆಯಾ, ನಾಲ್ಕು ತೊಟ್ಟಿಲು. 12ನೆಯದು ಬೈಕು ನಿಲ್ಲಿಸುವುದಕ್ಕೆ ತಗಡಿನ ಚಪ್ಪರ. ಮೂರು ಸುತ್ತು ಮಾತುಕತೆ ನಡೆಯಿತು. ಮೊದಲ ಸುತ್ತಿನಲ್ಲಿಯೇ, ಮಾಲೀಕರ ಕಡೆಯವರು ಆ ಬಗ್ಗೆ ಬಾಯಿ ತೆರೆಯುವ ಮೊದಲೇ, ನಮ್ಮ ಕಡೆಯವರು ಔದಾರ್ಯ ತೋರಿಸಿ ಕೈಬಿಟ್ಟ ಬೇಡಿಕೆ 11ನೆಯದು. ಚಪ್ಪರ ಗೆದ್ದು ಬಂತು. ಬೈಕುಗಳು ಇಂದು ನೆರಳಿನಲ್ಲಿ ನಿಂತಿವೆ.

ಈ ಸಾಲುಗಳನ್ನು ಬರೆಯುತ್ತಿರುವವನು ಆ ದಿನ ಮೇಜಿನ ಈ ಕಡೆ ಕುಳಿತಿದ್ದವರಲ್ಲಿ ಒಬ್ಬ. ಆದುದರಿಂದ ಮಾಲೀಕರನ್ನು ಬೈಯುವ ಮೊದಲು ನಮ್ಮ ಮನೆಯ ಕಸವನ್ನು ಗುಡಿಸುವುದು ಧರ್ಮವೆಂದು ತೋರುತ್ತದೆ. ಹೊರಗೆ ಬಂದಾಗ ರೀಲಿಂಗ್ ವಿಭಾಗದ ಹೆಣ್ಣುಮಗಳೊಬ್ಬಳು ಗೇಟಿನ ಹತ್ತಿರ ನಿಂತಿದ್ದಳು. "ನಮ್ದೇನಾಯ್ತ್ರಿ ಮೇಷ್ಟ್ರೇ?" ಎಂದು ಕೇಳಿದಳು. "ಮುಂದಿನ ಸಲ ನೋಡೋಣಮ್ಮಾ" ಎಂದೆವು. "ಮುಂದಿನ ಸಲಕ್ಕೆ ನನ್ನ ಕೂಸು ಶಾಲೆಗೆ ಹೋಗಿರ್ತದೆ ಬಿಡ್ರಿ" ಎಂದು ಹೇಳಿ ಅವಳು ಹೊರಟುಹೋದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಇಷ್ಟು ದಿನ ಅದು ನಮ್ಮನ್ನು ಕಾಡುತ್ತಿರಲಿಲ್ಲವೇನೋ.

ಶಾಲೆಯ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಬೇಕು. ಪಕ್ಷದ ಕೆಲಸಕ್ಕೆ ಬರುವ ಮೊದಲು ನಾವು ಕೆಲವು ವರ್ಷ ಮಕ್ಕಳಿಗೆ ಪಾಠ ಹೇಳಿದವರು. ಹಾಜರಿ ಪುಸ್ತಕವನ್ನು ಓದಲು ಬಂದರೆ ಒಂದು ಕೇರಿಯ ಸಂಸಾರಗಳ ಸ್ಥಿತಿಗತಿಯೆಲ್ಲ ಅದರಲ್ಲಿ ಕಾಣುತ್ತದೆ. ಐದನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು, ಲೆಕ್ಕದಲ್ಲಿ ಚುರುಕು. ಅವಳ ಹೆಸರಿನ ಮುಂದೆ ಒಂದು ವಾರ ಹಾಜರಿ, ಒಂದು ವಾರ ಗೈರು, ಮತ್ತೆ ಒಂದು ವಾರ ಹಾಜರಿ. ಇದೇನು ಕಾಯಿಲೆಯೆಂದು ವಿಚಾರಿಸಿದರೆ ಕಾಯಿಲೆ ಏನೂ ಇರಲಿಲ್ಲ. ತಾಯಿಯ ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಬೆಳಗಿನ ಪಾಳಿಯ ವಾರ ಮನೆಯಲ್ಲಿದ್ದ ಎಂಟು ತಿಂಗಳ ತಮ್ಮನನ್ನು ಎತ್ತಿಕೊಂಡು ಕೂರುವವಳು ಈ ಹುಡುಗಿಯೇ. ತಾಯಿಯ ಮಜೂರಿಯಲ್ಲಿ ಅರ್ಧ ಭಾಗವನ್ನು ಮಗಳು ತನ್ನ ವಿದ್ಯೆಯಿಂದ ಕಟ್ಟಿಕೊಡುತ್ತಿದ್ದಳು ಎಂದರೆ ತಪ್ಪಾಗದು. ಆರನೆಯ ತರಗತಿಗೆ ಅವಳು ಬರಲೇ ಇಲ್ಲ.

ದುಡಿಯುವ ತಾಯಿಯ ದಿನಚರಿಯನ್ನು ನಮ್ಮ ಓದುಗರಿಗೆ ವರ್ಣಿಸಿ ಹೇಳುವ ಅಗತ್ಯವಿಲ್ಲ; ಬಹುಪಾಲು ಮಂದಿಯ ಮನೆಯಲ್ಲಿಯೇ ಅದು ನಡೆಯುತ್ತಿದೆ. ಆದರೆ ಮನೆಯಲ್ಲಿ ನಡೆಯುವುದನ್ನು ನಾವು ನೋಡುತ್ತೇವೆಯೇ ಎಂಬುದು ಬೇರೆ ಪ್ರಶ್ನೆ. ಆರು ಗಂಟೆಯ ಪಾಳಿಗೆ ಹೋಗುವವಳು ನಾಲ್ಕಕ್ಕೆ ಏಳುತ್ತಾಳೆ. ನಲ್ಲಿಯಲ್ಲಿ ನೀರು ಬರುವ ದಿನವಾದರೆ ಅದಕ್ಕೂ ಮೊದಲು. ರೊಟ್ಟಿಯೋ ಮುದ್ದೆಯೋ ಆಗಬೇಕು, ಗಂಡನ ಬುತ್ತಿ ಆಗಬೇಕು, ದೊಡ್ಡ ಮಕ್ಕಳ ಜಡೆ ಆಗಬೇಕು. ಕೂಸಿಗೆ ಹಾಲು ಕುಡಿಸಿ, ಅದು ಮಲಗಿದ್ದಾಗಲೇ ಕಳ್ಳಿಯಂತೆ ಹೆಜ್ಜೆಯಿಟ್ಟು ಹೊರಬೀಳಬೇಕು. ಎದ್ದಿದ್ದರೆ ಅದು ಸೆರಗು ಬಿಡುವುದಿಲ್ಲ. ಸೆರಗು ಬಿಡಿಸಿಕೊಳ್ಳುತ್ತ ಕೂತರೆ ಗೇಟು ಹಾಕಿರುತ್ತದೆ. ಕೂಸಿಗೆ ಜ್ವರ ಬಂತೆಂದರೆ ಅಂದಿನ ಮಜೂರಿ ಹೋಯಿತು. ಮೂರು ದಿನ ಜ್ವರ ನಿಂತಿತೆಂದರೆ ಆ ತಿಂಗಳ ಹಾಜರಿಯ ಭತ್ಯವೂ ಹೋಯಿತು. ಪಾಳಿ ಮುಗಿಸಿ ಬಂದವಳನ್ನು ಪಾತ್ರೆ, ಬಟ್ಟೆ, ರೇಷನ್ ಸಾಲು, ರಾತ್ರಿಯ ಅಡಿಗೆ ಕಾದಿರುತ್ತವೆ. ಗಿರಣಿಯ ಪಾಳಿಗೆ ಎಂಟು ಗಂಟೆಯ ಮಿತಿಯಿದೆ. ಈ ಪಾಳಿಗೆ ಮಿತಿಯೇ ಇಲ್ಲ.

ಕೇಂದ್ರ ಸರ್ಕಾರದ ಅಂಕಿ-ಅಂಶ ಇಲಾಖೆಯೇ 2024ರಲ್ಲಿ ಜನರು ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂಬ ಸಮೀಕ್ಷೆ ನಡೆಸಿತು. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಗಂಡಸರು 88 ನಿಮಿಷ ಎಂದು ಅದರಿಂದ ತಿಳಿಯುತ್ತದೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರ ಸರಾಸರಿ ಮಾತ್ರ ಈ 88. ಕೈಯನ್ನೇ ಹಾಕದ ಮಹನೀಯರು ಈ ಲೆಕ್ಕದಲ್ಲಿ ಸೇರಿಲ್ಲ.

ಇದು ಮನೆಯ ವಿಷಯ, ಇದರಲ್ಲಿ ಪಕ್ಷಕ್ಕೇನು ಕೆಲಸ ಎಂದು ಕೇಳುವವರಿದ್ದಾರೆ. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಸಪ್ತಕ್ರಾಂತಿಯ ಮಾತೆತ್ತಿದಾಗ ಅದರಲ್ಲಿ ಮೊದಲಿಗೆ ಇಟ್ಟದ್ದು ಗಂಡು ಹೆಣ್ಣುಗಳ ಸಮಾನತೆಯನ್ನು. ಹಳ್ಳಿಯ ಹೆಂಗಸಿನ ಹೊಗೆಯ ಒಲೆಯನ್ನೂ ಶೌಚಾಲಯವನ್ನೂ ಅವರು ರಾಜಕೀಯದ ಪ್ರಶ್ನೆಯನ್ನಾಗಿ ಮಾಡಿದರು. ಆಗ ನಕ್ಕವರು ಬಹಳ. ಈಗ ಆ ಎರಡೂ ಎಲ್ಲ ಪಕ್ಷಗಳ ಚುನಾವಣಾ ಭಾಷಣದಲ್ಲಿ ಸೇರಿಕೊಂಡಿವೆ. ಒಲೆಯ ಹೊಗೆ ಎಷ್ಟೋ ಮನೆಗಳಲ್ಲಿ ಕಡಿಮೆಯಾಗಿದೆ, ಸಂತೋಷ. ಆದರೆ ಗ್ಯಾಸಿನ ಒಲೆಯ ಮುಂದೆಯೂ ನಿಂತಿರುವವಳು ಅವಳೇ.

ಈಗ ಕಾಯಿದೆಯ ಮಾತಿಗೆ ಬರೋಣ. ನಮ್ಮ ಸಂಘದವರಿಗೂ ಇದು ಸರಿಯಾಗಿ ತಿಳಿದಿಲ್ಲ. ತಿಳಿದಿದ್ದರೆ 11ನೆಯ ಬೇಡಿಕೆಯನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತಿರಲಿಲ್ಲ.

ಗಿರಣಿಯಲ್ಲಿ ದುಡಿಯುವ ತಾಯಿಯ ಕೂಸಿನ ಗತಿ ಏನೆಂದು ಬ್ರಿಟಿಷರ ಕಾಲದಲ್ಲಿಯೇ ವಿಚಾರಣೆ ನಡೆದಿತ್ತು. ಕಾರ್ಮಿಕರ ಸ್ಥಿತಿಯನ್ನು ಪರಿಶೀಲಿಸಲು ನೇಮಿಸಿದ ವಿಟ್ಲೆ ಆಯೋಗ 1931ರಲ್ಲಿ ವರದಿ ಕೊಟ್ಟಿತು. ಬೊಂಬಾಯಿಯ ಗಿರಣಿಗಳ ಹೆಂಗಸರು ಕೂಸು ಅಳದೆ ಮಲಗಿರಲೆಂದು ಅಫೀಮು ತಿನ್ನಿಸಿ ಕೆಲಸಕ್ಕೆ ಬರುತ್ತಿದ್ದ ಸಂಗತಿ ಆ ಆಯೋಗದ ಗಮನಕ್ಕೆ ಬಂತು. ಓದಿದರೆ ಕರುಳು ಚುರುಕ್ಕೆನ್ನುತ್ತದೆ. ಆದರೆ ಆ ತಾಯಂದಿರನ್ನು ರಾಕ್ಷಸಿಯರೆಂದು ಕರೆಯುವ ಮೊದಲು ನಾವು ನಮ್ಮ ವಠಾರಗಳ ಕಡೆ ಒಮ್ಮೆ ನೋಡಬೇಕು. ಎರಡು ವರ್ಷದ ಮಗುವಿನ ಕೈಗೆ ಮೊಬೈಲು ಕೊಟ್ಟು, ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿ, ಪಕ್ಕದ ಮನೆಯ ಅಜ್ಜಿಗೆ 'ಸ್ವಲ್ಪ ಕಿವಿ ಇರಲಿ' ಎಂದು ಹೇಳಿ ಹೋಗುವ ತಾಯಂದಿರು ನಮ್ಮ ಕೇರಿಗಳಲ್ಲಿ ಇದ್ದಾರೆ. ಅವರು ಹಾಗೆ ಮಾಡುವುದು ಪ್ರೀತಿಯಿಲ್ಲದೆ ಅಲ್ಲ, ಬಾಡಿಗೆಯ ದಿನ ಹತ್ತಿರ ಬಂದಿರುವುದರಿಂದ.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಕಾರ್ಖಾನೆಗಳ ಕಾಯಿದೆ ಬಂತು. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಗೃಹವಿರಬೇಕೆಂದು ಅದರ 48ನೆಯ ಕಲಮು ಹೇಳಿತು. 1976ರಲ್ಲಿ ಆ 50ನ್ನು 30ಕ್ಕೆ ಇಳಿಸಿದರು. ಕಾಗದದ ಮೇಲೆ ಒಳ್ಳೆಯದೇ ಆಯಿತು. ಆದರೆ ಲೆಕ್ಕದ ಗೆರೆ ಎಲ್ಲಿದೆಯೋ ಅಲ್ಲಿಯೇ ಮಾಲೀಕನ ಜಾಣತನ ಶುರುವಾಗುತ್ತದೆ. 31ನೆಯ ಹೆಂಗಸನ್ನು ಯಾಕೆ ತೆಗೆದುಕೊಳ್ಳಬೇಕು? ತೆಗೆದುಕೊಂಡರೂ ಗುತ್ತಿಗೆದಾರನ ಪುಸ್ತಕದಲ್ಲಿ ಬರೆದರಾಯಿತು. ಒಂದೇ ಕಾಂಪೌಂಡಿನೊಳಗೆ ಎರಡು ಹೆಸರಿನ ಎರಡು ಕಂಪನಿ ಮಾಡಿದರಾಯಿತು. ಎಲ್ಲಕ್ಕಿಂತ ಸುಲಭದ್ದು, ಮದುವೆಯಾಗದ ಹುಡುಗಿಯರನ್ನೇ ತೆಗೆದುಕೊಳ್ಳುವುದು, ಮದುವೆಯ ಸುದ್ದಿ ಬಂದಾಗ ಲೆಕ್ಕ ಚುಕ್ತಾ ಮಾಡುವುದು. ಎಲ್ಲ ಮಾಲೀಕರೂ ಹೀಗೆಂದು ನಾವು ಹೇಳುವುದಿಲ್ಲ. ಆದರೆ ಹೀಗೆ ಮಾಡುವವನಿಗೆ ಲಾಭ, ಮಾಡದವನಿಗೆ ನಷ್ಟ ಎನ್ನುವಂತೆ ಕಾಯಿದೆ ಇದ್ದರೆ ಒಳ್ಳೆಯವನು ಎಷ್ಟು ದಿನ ಒಳ್ಳೆಯವನಾಗಿ ಉಳಿದಾನು?

1961ರ ಹೆರಿಗೆ ಸೌಲಭ್ಯ ಕಾಯಿದೆಯನ್ನು 2017ರಲ್ಲಿ ತಿದ್ದಿದರು. ಸಂಬಳ ಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿದರು. 50 ಮಂದಿ ನೌಕರರಿರುವ ಸಂಸ್ಥೆಗೆ, ಅವರು ಗಂಡಸರಿರಲಿ ಹೆಂಗಸರಿರಲಿ, ಶಿಶುಗೃಹ ಕಡ್ಡಾಯ ಮಾಡಿದರು. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಕೂಸನ್ನು ನೋಡಿ ಬರಬಹುದು ಎಂದರು. ಹೆಂಗಸರನ್ನಷ್ಟೇ ಎಣಿಸುವುದನ್ನು ಬಿಟ್ಟದ್ದು ನಿಜವಾಗಿ ಮುಂದಿಟ್ಟ ಹೆಜ್ಜೆ. ನಾವು ಅದನ್ನು ಮೆಚ್ಚುತ್ತೇವೆ. ಹಳೆಯ ಕಾಯಿದೆಗಳ ಜಾಗಕ್ಕೆ ಸಂಸತ್ತು 2020ರಲ್ಲಿ ಒಪ್ಪಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದವು. ಸಂಹಿತೆಗಳ ಬಗ್ಗೆ ನಮ್ಮ ತಕರಾರುಗಳು ಅನೇಕವಿವೆ, ಅವನ್ನು ಈ ಅಂಕಣದಲ್ಲಿ ಬೇರೆ ಸಲ ಬರೆಯುತ್ತೇವೆ. ಶಿಶುಗೃಹದ ಮಟ್ಟಿಗೆ ಅಲ್ಲಿಯೂ ಅದೇ 50ರ ಗೆರೆ ಉಳಿದಿದೆ.

ನಮ್ಮ ಊರಿನಲ್ಲಿ ಈ ಗೆರೆಯ ಮೇಲೆ ಯಾರಿದ್ದಾರೆ, ಕೆಳಗೆ ಯಾರಿದ್ದಾರೆ? ಕರ್ನಾಟಕದ ಮ್ಯಾಂಚೆಸ್ಟರ್ ಎಂದು ದಾವಣಗೆರೆಗೆ ಹೆಸರು ಬಂದ ಕಾಲದ ದೊಡ್ಡ ಹತ್ತಿ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದವು. ಆ ಗಿರಣಿಗಳಲ್ಲಿ ಸಾವಿರಗಟ್ಟಲೆ ಕೈಗಳಿಗೆ ಕೆಲಸವಿತ್ತು. ಇಂದು ಹೆಂಗಸರ ದುಡಿಮೆ ಚಿಕ್ಕ ಚಿಕ್ಕ ಕಡೆ ಹಂಚಿಹೋಗಿದೆ. ಮಂಡಕ್ಕಿ ಭಟ್ಟಿಯಲ್ಲಿ ಒಂದು ಸಂಸಾರವೇ ದುಡಿಯುತ್ತದೆ. ಭಟ್ಟಿಯ ಬೆಂಕಿಯಿಂದ ನಾಲ್ಕು ಮಾರು ದೂರದಲ್ಲಿ, ಹೊಗೆಯ ನಡುವೆ, ಗೋಣಿಚೀಲದ ಮೇಲೆ ಕೂಸು ಮಲಗಿರುತ್ತದೆ. ಬಟ್ಟೆ ಹೊಲಿಯುವ ಶೆಡ್ಡಿನಲ್ಲಿ 15 ಜನ, ಅಕ್ಕಿ ಗಿರಣಿಯ ಅಂಗಳದಲ್ಲಿ 20 ಜನ. ಎಪಿಎಂಸಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಆರಿಸುವವರು, ನಾಲ್ಕು ಮನೆಯ ಪಾತ್ರೆ ತಿಕ್ಕುವವರು. ಇವರಲ್ಲಿ ಯಾರೂ 50ರ ಲೆಕ್ಕಕ್ಕೆ ಸಿಗುವುದಿಲ್ಲ. ಯಾವ ತಾಯಿಗೆ ಶಿಶುಗೃಹದ ಅಗತ್ಯ ಎಲ್ಲಕ್ಕಿಂತ ಹೆಚ್ಚೋ ಅವಳನ್ನೇ ಕಾಯಿದೆ ಬಿಟ್ಟು ನಡೆದಿದೆ.

ಇಲ್ಲಿ ಒಂದು ಮಾತನ್ನು ಓದುಗರು ಗಮನಿಸಬೇಕು. ಕಾಫಿ ತೋಟಗಳಿಗೆ ಅನ್ವಯಿಸುತ್ತಿದ್ದ 1951ರ ಪ್ಲಾಂಟೇಷನ್ ಕಾರ್ಮಿಕರ ಕಾಯಿದೆಗೆ 1981ರಲ್ಲಿ ಒಂದು ತಿದ್ದುಪಡಿ ಬಂತು. ತೋಟದಲ್ಲಿ 50 ಹೆಂಗಸರಿದ್ದರೆ ಶಿಶುಗೃಹ ಎಂಬುದರ ಜೊತೆಗೆ, ಅವರ ಮಕ್ಕಳ ಸಂಖ್ಯೆ 20 ಆದರೂ ಶಿಶುಗೃಹವಿರಬೇಕು ಎಂದು ಸೇರಿಸಿದರು. ಗ್ರಾಮೀಣ ಉದ್ಯೋಗ ಖಾತರಿಗಾಗಿ ಬಂದ 2005ರ ಕಾಯಿದೆ ಇನ್ನೂ ಮುಂದೆ ಹೋಗಿತ್ತು. ಕೆಲಸದ ಜಾಗದಲ್ಲಿ ಆರು ವರ್ಷದೊಳಗಿನ ಐದು ಮಕ್ಕಳಿದ್ದರೆ ಸಾಕು, ಅವರನ್ನು ನೋಡಿಕೊಳ್ಳಲು ಅಲ್ಲಿನ ಹೆಂಗಸರಲ್ಲಿ ಒಬ್ಬಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕು ಎಂದಿತ್ತು. ಅದು ಎಷ್ಟು ಕಡೆ ನಡೆಯಿತು ಎಂಬ ಜಗಳ ಬೇರೆ. ತತ್ವವನ್ನು ನೋಡಿ. ಕಾರ್ಖಾನೆಯ ಕಾಯಿದೆ ಎಣಿಸಿದ್ದು ದುಡಿಯುವವರನ್ನು. ಮಣ್ಣಿನ ಕೆಲಸದ ಕಾಯಿದೆ ಎಣಿಸಿದ್ದು ಕೂಸುಗಳನ್ನು. ಅಳುವುದು ಕೂಸು, ಎಣಿಸಬೇಕಾದುದು ಅದನ್ನೇ.

ಹಾಗಾದರೆ ಖರ್ಚು ಯಾರದು? ಈ ಪ್ರಶ್ನೆ ಹೊಸದಲ್ಲ. 1928ರ ಜುಲೈಯಲ್ಲಿ ಬೊಂಬಾಯಿಯ ಶಾಸನ ಪರಿಷತ್ತಿನಲ್ಲಿ ಗಿರಣಿಯ ಹೆಂಗಸರಿಗೆ ಹೆರಿಗೆ ಭತ್ಯ ಕೊಡುವ ಮಸೂದೆ ಚರ್ಚೆಗೆ ಬಂದಾಗ ಡಾಕ್ಟರ್ ಅಂಬೇಡ್ಕರ್ ಅವರು ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಯ ಹಿಂದೆ ಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ರಾಷ್ಟ್ರದ ಹಿತದ ಪ್ರಶ್ನೆ. ಆದ್ದರಿಂದ ಅದರ ಭಾರದ ಹೆಚ್ಚಿನ ಪಾಲನ್ನು ಸರ್ಕಾರವೇ ಹೊರಬೇಕಾದದ್ದು ನ್ಯಾಯ. ಹಾಗೆಂದು ಹೆಂಗಸರನ್ನು ದುಡಿಸಿಕೊಂಡು ಲಾಭ ಪಡೆಯುವ ಮಾಲೀಕನನ್ನು ಬಿಟ್ಟುಬಿಡಲಾಗದು ಎಂಬುದು ಅವರ ವಾದದ ತಿರುಳು. ಮರುವರ್ಷ ಆ ಮಸೂದೆ ಕಾಯಿದೆಯಾಯಿತು. ಸುಮಾರು ನೂರು ವರ್ಷದ ಹಿಂದೆ ಅವರು ಹೇಳಿದ ಮಾತಿನಲ್ಲಿ ಮಾಲೀಕನ ಭಾಗವನ್ನು ಮಾತ್ರ ನಾವು ಕಾಯಿದೆಗೆ ತೆಗೆದುಕೊಂಡೆವು, ಸರ್ಕಾರದ ಭಾಗವನ್ನು ಮರೆತೆವು. ತಾಯಿಯೊಬ್ಬಳನ್ನು ಕೆಲಸಕ್ಕಿಟ್ಟುಕೊಂಡ ತಪ್ಪಿಗೆ ಆ ಒಬ್ಬ ಮಾಲೀಕನೇ ದಂಡ ತೆರಬೇಕು ಎಂಬಂತೆ ಖರ್ಚನ್ನು ಹಾಕಿದರೆ ಅವನು ತಾಯಿಯನ್ನೇ ಇಟ್ಟುಕೊಳ್ಳುವುದಿಲ್ಲ. ದಂಡ ಕೊನೆಗೆ ಬೀಳುವುದು ಅವಳ ಮೇಲೆ.

ಇದಕ್ಕೆ ದಾರಿಯಿಲ್ಲವೇ? ದಾರಿ ನಮ್ಮ ಸಂಬಳದ ಚೀಟಿಯಲ್ಲಿಯೇ ಇದೆ. ಇ.ಎಸ್.ಐ. ಹೆಸರಿನಲ್ಲಿ ಮುರಿದುಕೊಳ್ಳುವ ಹಣವನ್ನು ನೋಡಿ. 2019ರ ಜುಲೈಯಿಂದ ಮಾಲೀಕನ ಪಾಲು ಮಜೂರಿಯ ಶೇಕಡಾ 3.25, ಕಾರ್ಮಿಕನ ಪಾಲು ಶೇಕಡಾ 0.75. ಗಿರಣಿಯಲ್ಲಿ ಒಬ್ಬ ಹೆಂಗಸೂ ಇಲ್ಲದಿದ್ದರೂ ಈ ಹಣ ಕಟ್ಟಲೇಬೇಕು. ಅದೇ ನಿಧಿಯಿಂದ ವಿಮೆಯುಳ್ಳ ತಾಯಿಗೆ 26 ವಾರಗಳ ಹೆರಿಗೆ ಭತ್ಯ ಬರುತ್ತದೆ. ಗಂಡಸರನ್ನೇ ಇಟ್ಟುಕೊಂಡ ಮಾಲೀಕನಿಗೆ ಇದರಲ್ಲಿ ಉಳಿತಾಯವಿಲ್ಲ, ಹೆಂಗಸರನ್ನು ಇಟ್ಟುಕೊಂಡವನಿಗೆ ಹೆಚ್ಚಿನ ಭಾರವಿಲ್ಲ. ಹೆರಿಗೆಯ ಭತ್ಯಕ್ಕೆ ಒಪ್ಪಿದ ಈ ನ್ಯಾಯ ತೊಟ್ಟಿಲಿಗೆ ಯಾಕೆ ಆಗಬಾರದು? ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ಹಣ ಹಾಕುವ ಕಾರ್ಮಿಕ ಕಲ್ಯಾಣ ನಿಧಿಯೊಂದು 1965ರ ಕಾಯಿದೆಯಂತೆ ನಮ್ಮ ರಾಜ್ಯದಲ್ಲಿ ಇದ್ದೇ ಇದೆ. ಶಿಶುಗೃಹದ ಖರ್ಚು ಇಂಥ ನಿಧಿಯಿಂದ ಬರಬೇಕು. ಎಷ್ಟು ಹೆಂಗಸರಿದ್ದಾರೆಂದು ನೋಡದೆ ಎಲ್ಲ ಕಾರ್ಖಾನೆಗಳೂ ಅದಕ್ಕೆ ಪಾಲು ಕೊಡಬೇಕು. ಸರ್ಕಾರ ದೊಡ್ಡ ಪಾಲನ್ನು ಹಾಕಬೇಕು. ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ 2002ರಲ್ಲಿ ಈ ರಾಜ್ಯದಲ್ಲಿ ಆರಂಭವಾದಾಗ ನಿನ್ನ ತಾಯಿ ಯಾವ ಗಿರಣಿಯಲ್ಲಿದ್ದಾಳೆ, ಅಲ್ಲಿ ಎಷ್ಟು ಜನರಿದ್ದಾರೆ ಎಂದು ಯಾವ ಮಗುವನ್ನೂ ಕೇಳಲಿಲ್ಲ. ತಟ್ಟೆ ಹಿಡಿದು ಕೂತ ಮಗುವಿಗೆ ಅನ್ನ ಬಡಿಸಿದರು.

ಅಂಗನವಾಡಿ ಇದೆಯಲ್ಲ ಎಂದು ಅಧಿಕಾರಿಗಳು ಹೇಳುತ್ತಾರೆ. ಇದೆ. 1975ರಲ್ಲಿ ಈ ಯೋಜನೆ ಆರಂಭವಾದಂದಿನಿಂದ ಬಡವರ ಮಕ್ಕಳಿಗೆ ಅದರಿಂದ ಆದ ಉಪಕಾರವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಅಲ್ಲಿ ದಿನವೆಲ್ಲ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಬಾಗಿಲು ತೆರೆಯುವುದು ಬೆಳಗ್ಗೆ ಒಂಬತ್ತೂವರೆಗೆ, ಮುಚ್ಚುವುದು ಸಂಜೆ ನಾಲ್ಕಕ್ಕೆ. ಆರು ಗಂಟೆಗೆ ಗೇಟು ದಾಟುವ ತಾಯಿಗೆ, ಆರು ತಿಂಗಳ ಕೂಸಿಗೆ, ಅದರಿಂದ ಏನು ಪ್ರಯೋಜನ? ನಮ್ಮ ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಎಂಬ ಹೆಸರಿನಲ್ಲಿ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಶಿಶುಪಾಲನಾ ಕೇಂದ್ರಗಳನ್ನು ಘೋಷಿಸಿತು. ಹೆಸರೂ ಚೆನ್ನಾಗಿದೆ, ಉದ್ದೇಶವೂ ಚೆನ್ನಾಗಿದೆ. ಅದು ಹಳ್ಳಿಗಳಿಗೆ ಎಂದು ಮಾಡಿದ ಯೋಜನೆ. ಪಟ್ಟಣದ ಕೊಳೆಗೇರಿಯ ಕೂಸಿಗೆ ಮನೆ ಬೇಡವೇ? ಅದೇ 2023ರಲ್ಲಿ ಅದಕ್ಕೆ ಮೊದಲಿನ ಸರ್ಕಾರ ಕಾರ್ಖಾನೆಗಳ ಕಾಯಿದೆಯನ್ನು ತಿದ್ದಿ ದಿನದ ಕೆಲಸವನ್ನು 12 ಗಂಟೆಯವರೆಗೆ ಎಳೆಯಲೂ, ಹೆಂಗಸರನ್ನು ರಾತ್ರಿ ಪಾಳಿಯಲ್ಲಿ ದುಡಿಸಲೂ ದಾರಿ ಮಾಡಿತ್ತು. ರಾತ್ರಿ ಪಾಳಿಗೆ ವಾಹನ ಕೊಡಬೇಕು, ಬೆಳಕಿರಬೇಕು ಎಂದೆಲ್ಲ ಷರತ್ತು ಹಾಕಿದವರಿಗೆ ರಾತ್ರಿ ಕೂಸು ಎಲ್ಲಿ ಮಲಗಬೇಕು ಎಂಬುದು ಹೊಳೆಯಲಿಲ್ಲ.

ಶಿಶುಗೃಹವೆಂದರೆ ಕಾರ್ಖಾನೆಯ ಮೂಲೆಯಲ್ಲಿ ಬೀಗ ಹಾಕಿದ ಒಂದು ಕೋಣೆಯೂ ಅಲ್ಲ. ಅಂಥ ಕೋಣೆಗಳನ್ನು ನಾವು ನೋಡಿದ್ದೇವೆ. ಇನ್‌ಸ್ಪೆಕ್ಟರು ಬರುವ ದಿನ ಅದರ ಬೀಗ ತೆಗೆಯುತ್ತಾರೆ. ಗೋಡೆಗೆ ಬಣ್ಣದ ಮೊಲ, ಆನೆ, ಮೂಲೆಯಲ್ಲಿ ಖಾಲಿ ಡಬ್ಬಗಳು. ನಿಜವಾಗಿ ನಡೆಯುವ ಶಿಶುಗೃಹವಿದ್ದರೂ ಆರು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡು ಬೆಳಗಿನ ಐದು ಗಂಟೆಯ ಬಸ್ಸಿನಲ್ಲಿ ತೂಗಾಡುತ್ತ ಹೋಗುವುದು ಎಷ್ಟು ತಾಯಂದಿರಿಗೆ ಸಾಧ್ಯ? ಮಗುವಿಗೆ 15 ತಿಂಗಳಾಗುವ ತನಕ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂದು 1961ರ ಕಾಯಿದೆಯೇ ಹೇಳಿತ್ತು. ಕೂಸು ನಾಲ್ಕು ಮೈಲಿ ದೂರದಲ್ಲಿದ್ದರೆ ಆ ಬಿಡುವಿನಲ್ಲಿ ತಾಯಿ ಏನು ಮಾಡಬೇಕು? ಗಂಟೆಗೆ ಇಷ್ಟು ಅಂಗಿಯ ತೋಳು ಹೊಲಿಯಬೇಕೆಂದು ಗುರಿ ಹಾಕಿದ ಕಡೆ ನೀರು ಕುಡಿಯಲು ಏಳುವುದಕ್ಕೇ ಅವಳು ಅಂಜುತ್ತಾಳೆ. ಬಿಡುವಿನ ಹಕ್ಕು ಇರಲಿ, ಜೊತೆಗೆ ಆ ಹೊತ್ತಿನ ಗುರಿಯನ್ನೂ ಇಳಿಸಬೇಕು. ಇಲ್ಲದಿದ್ದರೆ ಕೂಸಿಗೆ ಸಿಗುವುದು ಸಕ್ಕರೆ ನೀರು, ಚಹದಲ್ಲಿ ಅದ್ದಿದ ಬಿಸ್ಕತ್ತು.

ಆದುದರಿಂದ ಶಿಶುಗೃಹ ಇರಬೇಕಾದದ್ದು ಮನೆಗಳ ಹತ್ತಿರ, ಕೇರಿಗಳ ನಡುವೆ. ಚಿಕ್ಕ ಕೂಸಿಗೆ ಮೊಲೆಹಾಲು ಬೇಕಾದ ಕಡೆ ಮಾತ್ರ ಗಿರಣಿಯ ಒಳಗೆ. ಹೊಸ ಸಂಹಿತೆಯಲ್ಲಿಯೇ ಇದಕ್ಕೊಂದು ಕಿಂಡಿ ಇದೆ. ಸಂಸ್ಥೆಗಳು ತಮ್ಮ ತಮ್ಮ ಶಿಶುಗೃಹ ಮಾಡುವ ಬದಲು ನಗರಸಭೆಯ ಇಲ್ಲವೆ ಸರ್ಕಾರದ ಸಾಮಾನ್ಯ ಶಿಶುಗೃಹವನ್ನು ಬಳಸಿಕೊಳ್ಳಬಹುದು, ಹಲವು ಸಂಸ್ಥೆಗಳು ಹಣ ಕೂಡಿಸಿ ಒಂದನ್ನು ನಡೆಸಬಹುದು ಎಂದು ಅದು ಹೇಳುತ್ತದೆ. ಮಾಲೀಕರ ಅನುಕೂಲಕ್ಕೆಂದು ಬರೆದ ಮಾತಾದರೂ ಸರಿಯೇ, ನಾವು ಅದನ್ನು ಹಿಡಿದುಕೊಳ್ಳಬೇಕು. ನಗರಪಾಲಿಕೆಯು ಮೊದಲು ನಾಲ್ಕು ವಾರ್ಡುಗಳಲ್ಲಿ, ಗಿರಣಿ ಮತ್ತು ಭಟ್ಟಿಗಳ ಕೆಲಸಗಾರರು ಹೆಚ್ಚಾಗಿರುವ ಕಡೆ, ಶಿಶುಗೃಹ ತೆರೆಯಲಿ. ಬೆಳಗಿನ ಐದಕ್ಕೆ ಬಾಗಿಲು ತೆರೆಯಲಿ, ಎರಡನೆಯ ಪಾಳಿ ಮುಗಿದು ತಾಯಿ ಬರುವ ತನಕ ತೆರೆದಿರಲಿ. ಅಲ್ಲಿ ದುಡಿಯುವವರಿಗೆ 'ಗೌರವ ಧನ' ಎಂಬ ಮರ್ಯಾದೆಯ ಹೆಸರಿನ ಪುಡಿಗಾಸು ಬೇಡ. ಕನಿಷ್ಠ ವೇತನಕ್ಕೆ ಕಡಿಮೆಯಿಲ್ಲದ ಸಂಬಳ ಕೊಡಲಿ. ಅಂಗನವಾಡಿಯ ಸೋದರಿಯರಿಗೆ ಗ್ರಾಚ್ಯುಟಿಯ ಹಕ್ಕಿದೆಯೆಂದು ಸುಪ್ರೀಂ ಕೋರ್ಟು 2022ರ ಏಪ್ರಿಲಿನಲ್ಲಿ ಹೇಳುವ ತನಕ ಅದಕ್ಕೂ ಕೊಕ್ಕೆ ಹಾಕಿದ್ದ ದೇಶ ನಮ್ಮದು. ಒಬ್ಬ ಬಡ ತಾಯಿಯ ಹೊರೆಯನ್ನು ಇಳಿಸಿ ಇನ್ನೊಬ್ಬ ಬಡ ತಾಯಿಯ ತಲೆಯ ಮೇಲೆ ಇಡುವುದಕ್ಕೆ ನಾವು ಚಳವಳಿ ಮಾಡುತ್ತಿಲ್ಲ.

ನಮ್ಮ ಓದುಗರಲ್ಲಿ ಅರ್ಧದಷ್ಟು ಮಂದಿ ಸಣ್ಣ ವ್ಯಾಪಾರಿಗಳು. ಇನ್ನೊಂದು ಸೆಸ್ಸು ಬರುತ್ತದೆಯೋ ಎಂದು ಅವರ ಕೈ ಈಗಾಗಲೇ ಗಲ್ಲಾಪೆಟ್ಟಿಗೆಯ ಮೇಲೆ ಹೋಗಿರಬಹುದು. ಹತ್ತು ಜನರಿಲ್ಲದ ಅಂಗಡಿಯಿಂದ ಒಂದು ಕಾಸನ್ನೂ ನಾವು ಕೇಳುತ್ತಿಲ್ಲ. ಆದರೆ ನೀವೇ ಯೋಚಿಸಿ. ಗಿರಣಿ ಕೇರಿಯ ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ತಿಂಗಳ ಬಾಕಿ ಚುಕ್ತಾ ಆಗುವುದು ಬಹಳ ಸಲ ತಾಯಿಯ ಮಜೂರಿಯಿಂದ. ಕೂಸಿನ ಕಾರಣಕ್ಕೆ ಅವಳು ಕೆಲಸ ಬಿಟ್ಟ ತಿಂಗಳು ನಿಮ್ಮ ಪುಸ್ತಕ ಏನು ಹೇಳುತ್ತದೆ? ಅದೂ ಇರಲಿ. ನಿಮ್ಮ ಅಂಗಡಿಯಲ್ಲಿಯೇ ಮಧ್ಯಾಹ್ನ ನೀವು ಊಟಕ್ಕೆ ಹೋದಾಗ ತಕ್ಕಡಿ ಹಿಡಿಯುವವರು ಯಾರು? ಹೂವಿನ ಬುಟ್ಟಿಯ ಹಿಂದೆ, ತರಕಾರಿ ಗಾಡಿಯ ಪಕ್ಕದಲ್ಲಿ, ಟೀ ಅಂಗಡಿಯ ಒಲೆಯ ಮುಂದೆ ಇರುವವರು ಯಾರು? ಅವರಿಗೆ ಸಂಬಳದ ಚೀಟಿಯೂ ಇಲ್ಲ, ಇ.ಎಸ್.ಐ.ಯೂ ಇಲ್ಲ, ಕಾಲಡಿಯಲ್ಲಿ ತೆವಳುವ ಕೂಸು ಮಾತ್ರ ಇದೆ. ಬಿಸಿ ಎಣ್ಣೆಯ ಬಾಣಲೆಯ ಹತ್ತಿರ ಆಡುವ ಮಗುವನ್ನು ಒಂದು ಕಣ್ಣಿನಿಂದ ನೋಡುತ್ತ ಇನ್ನೊಂದು ಕಣ್ಣಿನಿಂದ ಗಿರಾಕಿಯನ್ನು ನೋಡುವ ಕಷ್ಟ ನಿಮ್ಮ ಮನೆಯದು. ಕೇರಿಯ ಶಿಶುಗೃಹದಲ್ಲಿ ಆ ಕೂಸಿಗೂ ಜಾಗವಿರಬೇಕೆಂದೇ ನಾವು ಗಿರಣಿಯ ಲೆಕ್ಕ ಬೇಡ, ಕೂಸಿನ ಲೆಕ್ಕ ಬೇಕು ಎನ್ನುತ್ತಿರುವುದು.

ಹಿಂದೆ ಹೆಂಗಸರು ಮನೆಯಲ್ಲಿದ್ದರು, ಮಕ್ಕಳು ಚೆನ್ನಾಗಿ ಬೆಳೆಯುತ್ತಿದ್ದರು ಎಂದು ಹಿರಿಯರೊಬ್ಬರು ನಮಗೆ ಬುದ್ಧಿ ಹೇಳಿದರು. ಯಾವ ಹೆಂಗಸರು, ಯಾವ ಮನೆ ಎಂದು ಅವರನ್ನು ಕೇಳಬೇಕೆನಿಸಿತು. ಹೊಲದ ಬದುವಿನ ಮರಕ್ಕೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿ ಕಳೆ ತೆಗೆದವರು ನಮ್ಮ ಅಜ್ಜಿಯರು. ಆಗ ಜೋಲಿ ಕಣ್ಣಳತೆಯಲ್ಲಿ ಇರುತ್ತಿತ್ತು, ಅತ್ತರೆ ಕೇಳಿಸುತ್ತಿತ್ತು. ಮನೆಯಲ್ಲಿ ಅತ್ತೆ ಇರುತ್ತಿದ್ದಳು. ಹಳ್ಳಿ ಬಿಟ್ಟು ಹತ್ತಡಿ ಕೋಣೆಯ ಬಾಡಿಗೆ ಮನೆಗೆ ಬಂದವಳ ಜೊತೆ ಅತ್ತೆ ಬರಲಿಲ್ಲ, ಮರ ಬರಲಿಲ್ಲ. ಬಂದದ್ದು ಕೂಸು ಮಾತ್ರ.

ಇನ್ನು ಗಿರಣಿಯ ಗಂಡಸರಿಗೆ ಒಂದು ಮಾತು. ಇದರಲ್ಲಿ ನಾವೂ ಸೇರಿದ್ದೇವೆ. ಸಂಘದ ಸಭೆಯನ್ನು ನಾವು ಯಾವಾಗಲೂ ಸಂಜೆ ಏಳಕ್ಕೆ ಕರೆಯುತ್ತೇವೆ. ಆ ಹೊತ್ತಿನಲ್ಲಿ ಯಾವ ಹೆಂಗಸು ಬರಬಲ್ಲಳು? ಬಾರದ ಹೆಂಗಸರನ್ನು 'ಅವರಿಗೆ ಸಂಘದಲ್ಲಿ ಆಸಕ್ತಿಯಿಲ್ಲ' ಎಂದು ವರದಿಯಲ್ಲಿ ಬರೆದವರೂ ನಾವೇ. ಒಂದು ಸಲ ಕೂಸನ್ನು ಎತ್ತಿಕೊಂಡೇ ಬಂದಿದ್ದ ಒಬ್ಬಳಿಗೆ, ಅದು ಅತ್ತಾಗ, ಸ್ವಲ್ಪ ಹೊರಗೆ ನಿಲ್ಲಮ್ಮಾ ಎಂದು ಹೇಳಿದ್ದು ನೆನಪಾಗುತ್ತದೆ. ಅವಳು ಮತ್ತೆ ಬರಲಿಲ್ಲ. 2016ರ ಏಪ್ರಿಲಿನಲ್ಲಿ ಬೆಂಗಳೂರಿನ ಉಡುಪು ಕಾರ್ಖಾನೆಗಳ ಹೆಣ್ಣುಮಕ್ಕಳು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ದೊಡ್ಡ ನಾಯಕರಾರೂ ಅವರನ್ನು ಕರೆದಿರಲಿಲ್ಲ. ಎರಡನೆಯ ದಿನವೇ ಕೇಂದ್ರ ಸರ್ಕಾರ ಆ ನಿಯಮವನ್ನು ಹಿಂದಕ್ಕೆ ತೆಗೆದುಕೊಂಡಿತು. ಅಂಥವರಿಗೆ ಆಸಕ್ತಿಯಿಲ್ಲವೆಂದು ಹೇಳಲು ನಮಗೆ ನಾಚಿಕೆಯಾಗಬೇಕು. ಬೆಳಗಿನ ಪಾಳಿಯ ಹೆಂಡತಿ ನಾಲ್ಕಕ್ಕೆ ಎದ್ದಾಗ ಎರಡನೆಯ ಪಾಳಿಯ ಗಂಡ ಏಳಕ್ಕೆ ಏಳುವುದು ಯಾವ ಕಾಯಿದೆಯಲ್ಲಿ ಬರೆದಿದೆ? ನಗರಪಾಲಿಕೆ ಶಿಶುಗೃಹ ತೆರೆಯುವುದಕ್ಕೆ ಚಳವಳಿ ಬೇಕು. ಕೂಸಿನ ಬಟ್ಟೆ ಒಗೆಯುವುದಕ್ಕೆ ಚಳವಳಿ ಬೇಕಿಲ್ಲ.

ಈ ತಿಂಗಳು ನಮ್ಮ ಪಕ್ಷದ ಕಾರ್ಯಕರ್ತರು ನಾಲ್ಕು ವಾರ್ಡುಗಳಲ್ಲಿ ಮನೆ ಮನೆಗೆ ಹೋಗಿ ಆರು ವರ್ಷದೊಳಗಿನ ಮಕ್ಕಳನ್ನು ಎಣಿಸಲಿದ್ದಾರೆ. ತಾಯಿ ಎಲ್ಲಿ ದುಡಿಯುತ್ತಾಳೆ, ಯಾವ ಹೊತ್ತಿಗೆ ಹೋಗಿ ಯಾವ ಹೊತ್ತಿಗೆ ಬರುತ್ತಾಳೆ, ಆ ಹೊತ್ತಿನಲ್ಲಿ ಕೂಸು ಯಾರ ಹತ್ತಿರ ಇರುತ್ತದೆ, ಅದನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಅಕ್ಕ ಇದ್ದಾಳೆಯೇ, ಇವಿಷ್ಟೇ ಪ್ರಶ್ನೆಗಳು. ಜಾತಿಯನ್ನಾಗಲಿ ಮತವನ್ನಾಗಲಿ ಕೇಳುವುದಿಲ್ಲ. ಅಂಗಡಿಯವರೂ ತಮ್ಮ ಮನೆಯ ಕೂಸುಗಳನ್ನು ಬರೆಸಬೇಕು. ಈ ಪಟ್ಟಿಯನ್ನು ನಗರಪಾಲಿಕೆಯ ಆಯುಕ್ತರಿಗೂ ಕಾರ್ಮಿಕ ಇಲಾಖೆಗೂ ಕೊಡುತ್ತೇವೆ, ಈ ಪತ್ರಿಕೆಯಲ್ಲಿಯೂ ಅಚ್ಚು ಹಾಕುತ್ತೇವೆ.

ಗಿರಣಿಯ ಹೊಸ ಬೇಡಿಕೆ ಪಟ್ಟಿಯನ್ನು ಗೊತ್ತುಮಾಡುವ ಸಭೆ ಬರುವ ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಂಘದ ಕಚೇರಿಯಲ್ಲಿ ಸೇರುತ್ತದೆ. ಶಿಶುಗೃಹವನ್ನು 1ನೆಯ ಬೇಡಿಕೆಯಾಗಿ ಇಡಬೇಕೆಂದು ನಾವು ಸೂಚಿಸುತ್ತೇವೆ. ಒಪ್ಪುವುದು ಬಿಡುವುದು ಸಭೆಗೆ ಸೇರಿದ್ದು. ತಾಯಂದಿರು ಕೂಸುಗಳನ್ನು ಕರೆದುಕೊಂಡೇ ಬರಬೇಕು. ಪಕ್ಕದ ಕೋಣೆಯಲ್ಲಿ ಚಾಪೆ ಹಾಸಿರುತ್ತದೆ, ಹಾಲು ಇರುತ್ತದೆ. ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕೆ ಸ್ಪಿನ್ನಿಂಗ್ ವಿಭಾಗದ ಮೂವರು ಗಂಡಸರು ಹೆಸರು ಕೊಟ್ಟಿದ್ದಾರೆ. ಇನ್ನೂ ಇಬ್ಬರು ಬೇಕಾಗಿದ್ದಾರೆ.